ಎಂಟು ಕ್ಯಾನ್ ನೀರು

ಏಪ್ರಿಲ್ ತಿಂಗಳು, ಕುರಿಗಳು ಈಯುವ ಕಾಲ. ರಾತ್ರಿ ಬಿದ್ದ ತೆಳು ಹಿಮ ಬೇಲಿಯ ನೆರಳಿನಲ್ಲಿ ಮಾತ್ರ ಬೆಳ್ಳಗೆ ಉಳಿದಿತ್ತು. ಕೊಟ್ಟಿಗೆಯ ಹುಲ್ಲಿನ ಮೇಲೆ ಮಾರ್ನಿ ಮಂಡಿಯೂರಿ ಕೂತು, ಎರಡು ಕೈಯಲ್ಲಿ ಎರಡು ಹಾಲಿನ ಬಾಟಲಿ ಹಿಡಿದಿದ್ದಳು. ಎರಡು ಮರಿಗಳು ಬಾಲ ಅಲ್ಲಾಡಿಸುತ್ತಾ ಚೀಪುತ್ತಿದ್ದವು. ಇನ್ನೂ ಐದು ಮರಿಗಳು ಅವಳ ಮೊಣಕೈಗೆ, ಕೋಟಿನ ಗುಂಡಿಗೆ, ಜಡೆಗೆ ಬಾಯಿ ಹಾಕುತ್ತಿದ್ದವು.

ಈ ಏಳರಲ್ಲಿ ಕೆಲವಕ್ಕೆ ತಾಯಿ ಇರಲಿಲ್ಲ, ಕೆಲವು ತಾಯಿಗೆ ಬೇಡವಾಗಿದ್ದವು. ಹಾಗಾಗಿ ಅವು ಮಾರ್ನಿಯ ಪಾಲಿಗೆ ಬಂದಿದ್ದವು. ಹಾಲು ಕುಡಿಸುವುದು ಹಳೇ ಸೋಡಾ ಬಾಟಲಿಗಳಲ್ಲಿ. ಬಾಯಿಗೊಂದು ಕೆಂಪು ರಬ್ಬರ್ ತೊಟ್ಟು ಸಿಕ್ಕಿಸಿದರೆ ಆಯಿತು. ಅವುಗಳಲ್ಲಿ ಎರಡು ಬಾಟಲಿ ಮಾರ್ನಿ ಹುಟ್ಟುವುದಕ್ಕೂ ಮೊದಲಿನವು. ಉಜ್ಜಿ ಉಜ್ಜಿ ಮಂಜಿನ ಬಣ್ಣಕ್ಕೆ ತಿರುಗಿದ್ದವು.

ಅಂಗಳದಲ್ಲಿ ಓರಿನ್ ಅಜ್ಜ ಸಂಪಿನ ಮುಚ್ಚಳ ತೆಗೆದು ಉದ್ದನೆಯ ಕೋಲು ಇಳಿಬಿಟ್ಟ. ಮೇಲೆತ್ತಿ, ಒದ್ದೆಯಾದಷ್ಟು ಜಾಗವನ್ನು ಬೆರಳಿನಿಂದ ಅಳೆದ.

"ಎಷ್ಟಿದೆ ಅಜ್ಜ?" ಮಾರ್ನಿ ಕೊಟ್ಟಿಗೆಯಿಂದಲೇ ಕೇಳಿದಳು.

"ಒಂದು ಗೇಣು. ಶುಕ್ರವಾರದ ತನಕ ಎಳೀಬಹುದು, ನಿಮ್ಮಮ್ಮ ತಲೆಗೆ ನೀರು ಹಾಕ್ಕೊಳ್ದೆ ಇದ್ರೆ."

ಮನೆಗೆ ಬಾವಿ ಇಲ್ಲ ಅಂತಲ್ಲ. ಆದರೆ ಅದರ ನೀರು ಸವಳು. ದೊಡ್ಡ ಕುರಿಗಳು ಮುಖ ಸೊಟ್ಟಗೆ ಮಾಡಿಕೊಂಡು ಕುಡಿಯುತ್ತವೆ. ಮರಿಗಳಿಗೆ ಅದರಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಸಂಜೆಯೊಳಗೆ ಭೇದಿ ಹಿಡಿಯುತ್ತದೆ. ಹಾಗಾಗಿ ಅಜ್ಜ ಮಂಗಳವಾರ, ಶುಕ್ರವಾರ ಪಿಕಪ್‌ನಲ್ಲಿ ಟ್ಯಾಂಕು ಇಟ್ಟುಕೊಂಡು ಇಪ್ಪತ್ತೆರಡು ಮೈಲಿ ದೂರದ ಡ್ರೈ ಫೋರ್ಕ್ ಊರಿಗೆ ಹೋಗಿ ಸಿಹಿನೀರು ತರುತ್ತಿದ್ದ. ಗೋಧಿ ಗೋದಾಮಿನ ಪಕ್ಕದಲ್ಲಿ ನೀರಿನ ಕಟ್ಟೆ ಇದೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದಪ್ಪ ಪೈಪಿನಿಂದ ನೀರು ಬೀಳುತ್ತದೆ. ಸುತ್ತಲಿನ ಕುರಿಯವರು, ದನದವರು ಎಲ್ಲರೂ ಅಲ್ಲಿಂದಲೇ ಹೊರುವವರು.

ಹೀಗೆ ಹೊತ್ತು ತಂದ ನೀರು ಮಾರ್ನಿಯ ಮನೆಯಲ್ಲಿ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಆಲೂಗಡ್ಡೆ ತೊಳೆದ ನೀರು ಕೋಳಿಗೆ ಹೋಗುತ್ತಿತ್ತು. ಮುಖ ತೊಳೆದ ನೀರು ಕಿಟಕಿಯ ಹೂಕುಂಡಕ್ಕೆ. ಶನಿವಾರ ಸ್ನಾನದ ತೊಟ್ಟಿಯಲ್ಲಿ ನಾಲ್ಕು ಬೆರಳು ನೀರು ನಿಂತರೆ, ಅಮ್ಮ ಹೊರಗಿನಿಂದ, "ಸಾಕು ಕಣೇ, ಈಜ್ತೀಯೇನು?" ಅನ್ನುತ್ತಿದ್ದಳು.

*

ಡ್ರೈ ಫೋರ್ಕ್ ಶಾಲೆಯಲ್ಲಿ ಒಟ್ಟು ಅರವತ್ತೊಂದು ಮಕ್ಕಳು. ಅಲ್ಲಿ ಆ ತಿಂಗಳು ಪಾಠಕ್ಕಿಂತ ನೀರು ಕುಡಿಯುವುದೇ ಹೆಚ್ಚು ನಡೆಯುತ್ತಿತ್ತು.

ಮೊದಲು ಶಾಲೆಯ ಮೊಗಸಾಲೆಯಲ್ಲಿ ಒಂದು ಹಳೇ ಕೊಳಾಯಿ ಇತ್ತು. ಗುಂಡಿ ಒತ್ತಿದರೆ ನೀರು ಬಿಲ್ಲಿನ ಹಾಗೆ ಬಾಗಿ ಚಿಮ್ಮುತ್ತಿತ್ತು. ಬಗ್ಗಿ ಬಾಯಿಟ್ಟು ಕುಡಿದು, ತೋಳಿನಿಂದ ಬಾಯಿ ಒರೆಸಿಕೊಂಡು ಹೋಗುವುದು. ಅದನ್ನು ಕಿತ್ತು ಹಾಕಿ, ಅಲ್ಲೊಂದು ಹೊಳೆಯುವ ಯಂತ್ರ ಕೂರಿಸಿದ್ದರು. ಅದರ ಕೆಳಗೆ ಬಾಟಲಿ ಹಿಡಿದರೆ ತಾನಾಗಿಯೇ ನೀರು ಸುರಿಯುತ್ತಿತ್ತು. ಮೇಲೆ ಹಸಿರು ದೀಪದಲ್ಲಿ ಒಂದು ಸಂಖ್ಯೆ. ಅದರ ಪಕ್ಕದಲ್ಲಿ, 'ಈತನಕ ಉಳಿಸಿದ ಪ್ಲಾಸ್ಟಿಕ್ ಬಾಟಲಿಗಳು' ಎಂದು ಬರೆದಿತ್ತು. ಒಂದು ಬಾಟಲಿ ನೀರು ಬಿದ್ದರೆ ಸಂಖ್ಯೆ ಒಂದು ಏರುತ್ತಿತ್ತು.

ಯಂತ್ರಕ್ಕೆ ಬಾಯಿಟ್ಟು ಕುಡಿಯುವಂತಿಲ್ಲವಲ್ಲ, ಅದಕ್ಕೆ ಪ್ರತಿಯೊಬ್ಬರಿಗೂ ಸ್ಟೀಲ್ ಬಾಟಲಿ ಕೊಟ್ಟರು. ಮೊದಲ ವರ್ಷ ಹಸಿರು ಬಣ್ಣದ್ದು. ಎರಡನೇ ವರ್ಷ ಜಿಲ್ಲೆಯ ಹಸಿರು ಶಾಲೆ ಸಮಿತಿ ತನ್ನ ಚಿಹ್ನೆ ಬದಲಾಯಿಸಿತು, ಆದ್ದರಿಂದ ನೀಲಿ ಬಾಟಲಿ. ಈ ವರ್ಷ ಸ್ಪರ್ಧೆ ಇರುವುದರಿಂದ ಕೆಂಪು ಬಾಟಲಿ. ಒಂದೊಂದೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ, ಹನ್ನೆರಡಕ್ಕೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಸಮುದ್ರದಾಚೆಯಿಂದ ಬಂದಿದ್ದವು. ಮಾರ್ನಿಯ ಹಸಿರು ಬಾಟಲಿಯಲ್ಲಿ ಅಜ್ಜ ಈಗ ಮೊಳೆ ಹಾಕಿಟ್ಟಿದ್ದ. ನೀಲಿಯದರಲ್ಲಿ ಅಮ್ಮ ಗುಂಡಿಗಳನ್ನು ಹಾಕಿಟ್ಟಿದ್ದಳು.

ಶಾಲೆ ಗುಡಿಸಿ ಒರೆಸುವ ಅರ್ಲೀನ್ ಆ ಕವರುಗಳನ್ನೆಲ್ಲ ಮೂರು ಚೀಲಕ್ಕೆ ತುಂಬಿ ಕಸದ ಡಬ್ಬಿಗೆ ಎಳೆದುಕೊಂಡು ಹೋಗುವಾಗ ಮಾರ್ನಿ ಬಾಗಿಲು ಹಿಡಿದು ನಿಂತಿದ್ದಳು.

"ಪ್ಲಾಸ್ಟಿಕ್ ಉಳಿಸೋಕೆ ಎಷ್ಟೊಂದು ಪ್ಲಾಸ್ಟಿಕ್ ಬೇಕಾಗತ್ತೆ ನೋಡೇ ಹುಡುಗಿ," ಅಂದಳು ಅರ್ಲೀನ್. ಹಳೇ ಕೊಳಾಯಿ ಇದ್ದಾಗ ದಿನಕ್ಕೆ ಎಷ್ಟು ಬಾಟಲಿ ಉಳಿಯುತ್ತಿತ್ತೋ, ಪಾಪ, ಅದಕ್ಕೆ ಎಣಿಸಲು ಬರುತ್ತಿರಲಿಲ್ಲ ಅಂತಲೂ ಅಂದಳು.

ಸ್ಪರ್ಧೆ ಸುಲಭವಾಗಿತ್ತು. ಏಪ್ರಿಲ್ ಕೊನೆಗೆ ಜಿಲ್ಲೆಯಲ್ಲಿ ಯಾವ ಶಾಲೆಯ ಯಂತ್ರದಲ್ಲಿ ದೊಡ್ಡ ಸಂಖ್ಯೆ ಇರುತ್ತದೋ ಆ ಶಾಲೆಯ ಮಕ್ಕಳಿಗೆ ಬಿಲ್ಲಿಂಗ್ಸ್ ನಗರದ ನೀರಾಟದ ಪಾರ್ಕಿಗೆ ಪ್ರವಾಸ. ನೋಟೀಸು ಬೋರ್ಡಿನಲ್ಲಿ ಪಾರ್ಕಿನ ಚಿತ್ರ ಅಂಟಿಸಿದ್ದರು. ಮೂರು ಮಹಡಿ ಎತ್ತರದ ಹಳದಿ ಜಾರುಬಂಡೆ, ಕೆಳಗೆ ನೀಲಿ ನೀರು. ಮಾರ್ನಿ ದಿನಕ್ಕೆರಡು ಸಲ ಅದರ ಮುಂದೆ ನಿಲ್ಲುತ್ತಿದ್ದಳು. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ಬಸ್ಸಿನಲ್ಲಿ ತಾನು ಇರಲೇಬೇಕು ಅಂತ ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಮೊದಲ ವಾರ ಮಕ್ಕಳು ನಿಜವಾಗಿಯೂ ಕುಡಿದರು. ಹೊಟ್ಟೆ ನಗಾರಿಯಂತಾಯಿತು. ಗಣಿತದ ಪಾಠದ ನಡುವೆ ಒಬ್ಬರಾದ ಮೇಲೊಬ್ಬರು ಕೈ ಎತ್ತಿ ಬಾತ್‌ರೂಮಿಗೆ ಓಡಿದರು. ಆದರೂ ಪಕ್ಕದೂರು ಹಾರ್ಲನ್ ಕ್ರೀಕಿನ ಶಾಲೆ ಆರುನೂರು ಬಾಟಲಿ ಮುಂದಿತ್ತು.

ಎರಡನೇ ವಾರ ಐದನೇ ತರಗತಿಯ ಡೆಂಟನ್ ಒಂದು ಉಪಾಯ ಕಂಡುಹಿಡಿದ. ಬಾಟಲಿ ತುಂಬಿಸಿದ, ಪಕ್ಕದ ಸಿಂಕಿಗೆ ಸುರಿದ, ಮತ್ತೆ ತುಂಬಿಸಿದ. ಸಂಖ್ಯೆ ಟಕ್ ಟಕ್ ಎಂದು ಏರಿತು.

ಮಕ್ಕಳೆಲ್ಲ ಹೋಲ್ಟನ್ ಮಿಸ್ಸಿನ ಮುಖ ನೋಡಿದರು. ಮಿಸ್ ಸಿಂಕಿನೊಳಗೆ ಬಗ್ಗಿ ನೋಡಿದರು. ಆಮೇಲೆ, ನೆಲದ ಮೇಲೆ ಚೆಲ್ಲಬೇಡಿ, ಯಾರಾದರೂ ಜಾರಿ ಬಿದ್ದಾರು ಅಂದರು. ಮರುದಿನದಿಂದ ಬೋರ್ಡಿನ ಮೇಲೆ ಪಾಳಿಯ ಪಟ್ಟಿ ಬಂತು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಪಟ್ಟಿಯ ಮೇಲೆ ಮಿಸ್ ಚಂದದ ಅಕ್ಷರದಲ್ಲಿ 'ಭೂಮಿ ತಾಯಿಗೆ ಹತ್ತು ನಿಮಿಷ' ಎಂದು ಬರೆದಿದ್ದರು.

ಯಂತ್ರದೊಳಗಿನ ಫಿಲ್ಟರ್ ಒಂದು ವರ್ಷ ಬರಬೇಕಿತ್ತಂತೆ. ಹತ್ತೇ ದಿನಕ್ಕೆ ಕೆಂಪು ದೀಪ ಹತ್ತಿತು. ಸಮಿತಿಯವರು ಹೊಸ ಫಿಲ್ಟರನ್ನು ಕೊರಿಯರ್‌ನಲ್ಲಿ ಕಳಿಸಿದರು. ಮಕ್ಕಳ ಉತ್ಸಾಹ ಕಂಡು ಸಂತೋಷವಾಯಿತು ಎಂಬ ಕಾಗದವೂ ಜೊತೆಗಿತ್ತು.

*

ಮಾರ್ನಿಯ ಪಾಳಿ ಬಂದದ್ದು ಮಂಗಳವಾರ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ.

ಅವಳು ಕೆಂಪು ಬಾಟಲಿ ತುಂಬಿಸಿದಳು. ಸಿಂಕಿನ ಮೇಲೆ ತಂದು ಹಿಡಿದಳು. ಕೈ ಬಗ್ಗಲಿಲ್ಲ.

"ಸುರಿಯೇ, ಟೈಮ್ ಹೋಗ್ತಿದೆ," ಅಂದ ಡೆಂಟನ್.

ಅವಳು ಬಾಟಲಿಯನ್ನು ನೋಡಿದಳು. ತಿಳಿಯಾದ ಸಿಹಿನೀರು. ಒಂದು ಮರಿಯ ಒಂದು ಹೊತ್ತಿನ ಹಾಲಿಗೆ ಸಾಕು. ಬಾಟಲಿಯನ್ನು ಹಾಗೇ ಕೆಳಗಿಟ್ಟು ಹೊರಗೆ ಓಡಿದಳು. ಅಜ್ಜನ ಪಿಕಪ್ ಗೇಟಿನ ಹತ್ತಿರ ಕಾಯುತ್ತಿತ್ತು, ಅಜ್ಜ ಸ್ಟಿಯರಿಂಗಿನ ಮೇಲೆ ಟೋಪಿ ಇಟ್ಟು ಕಣ್ಣು ಮುಚ್ಚಿದ್ದ. ಟ್ಯಾಂಕಿನ ಪಕ್ಕದಲ್ಲಿದ್ದ ಐದು ಗ್ಯಾಲನ್ನಿನ ಖಾಲಿ ಕ್ಯಾನುಗಳಲ್ಲಿ ಎರಡನ್ನು ಎತ್ತಿಕೊಂಡು ಬಂದಳು.

ಬಾಟಲಿ ತುಂಬಿಸಿ ಕ್ಯಾನಿಗೆ, ಬಾಟಲಿ ತುಂಬಿಸಿ ಕ್ಯಾನಿಗೆ. ಪ್ರತಿ ಸಲ ಸಿಂಕಿನ ಕಡೆ ತಿರುಗುವ ಕೆಲಸವಿಲ್ಲದ್ದರಿಂದ ಅವಳ ಕೈ ಎಲ್ಲರಿಗಿಂತ ಚುರುಕಾಗಿ ನಡೆಯಿತು. ಅವಳ ನಂತರದ ಪಾಳಿಯವನು ಬರಲಿಲ್ಲ, ಅವನ ಹತ್ತು ನಿಮಿಷವನ್ನೂ ಅವಳೇ ತೆಗೆದುಕೊಂಡಳು. ಎರಡು ಕ್ಯಾನು ತುಂಬಿದವು. ಸಂಖ್ಯೆ ಎಪ್ಪತ್ತಾರು ಏರಿತು. ಹೋಲ್ಟನ್ ಮಿಸ್ ಅವಳ ಅಂಗಿಗೆ ನಕ್ಷತ್ರದ ಸ್ಟಿಕರ್ ಅಂಟಿಸಿದರು.

"ಕೇಳಿ ತಂದ್ಯಾ?" ಅಜ್ಜ ಕ್ಯಾನು ಎತ್ತಿಡುತ್ತಾ ಕೇಳಿದ.

"ಚೆಲ್ಲೋ ನೀರು ಅಜ್ಜ. ಇಲ್ದಿದ್ರೆ ಸಿಂಕಿಗೆ ಹೋಗ್ತಿತ್ತು."

ಅಜ್ಜನಿಗೆ ಅರ್ಥವಾಗಲಿಲ್ಲ. ಒಳ್ಳೇ ನೀರನ್ನು ಯಾಕೆ ಚೆಲ್ಲುತ್ತಾರೆ ಅಂತ ಕೇಳಿದ. ಬಾಟಲಿ ಉಳಿಸೋಕೆ ಅಂದಳು ಮಾರ್ನಿ. ಅಜ್ಜ ಗೇರು ಹಾಕಿ ಗಾಡಿ ಹೊರಡಿಸಿದ. ಆಮೇಲೆ, ತನ್ನ ಕಾಲದಲ್ಲಿ ಗಣಿತ ಬೇರೆ ಥರ ಇತ್ತು ಅಂದ.

ಬೇಸರಪಟ್ಟವರ ಪಾಳಿಯನ್ನೂ ಮಾರ್ನಿ ಕೇಳಿ ತೆಗೆದುಕೊಳ್ಳತೊಡಗಿದಳು. ಶುಕ್ರವಾರ ಎರಡು ಕ್ಯಾನು. ಮುಂದಿನ ವಾರ ನಾಲ್ಕು. ಮನೆಯ ಸಂಪಿನ ಮುಚ್ಚಳ ತೆಗೆಯುವಾಗ ಅಜ್ಜ ಶಿಳ್ಳೆ ಹಾಕತೊಡಗಿದ. ಅಮ್ಮ ಒಂದು ಬುಧವಾರ ತಲೆಗೆ ನೀರು ಹಾಕಿಕೊಂಡಳು.

*

ಆ ಶುಕ್ರವಾರ ನಾಲ್ಕನೇ ಕ್ಯಾನು ಗಾಡಿಗೆ ಏರುವುದನ್ನು ಯಾರೋ ನೋಡಿದರು. ಯಾರು ಎನ್ನುವುದು ಗೊತ್ತಾಗಲಿಲ್ಲ. ಸೋಮವಾರ ಬೆಳಗ್ಗೆ ಪ್ರಿನ್ಸಿಪಾಲ್ ಗಾರ್ವಿ ಮಾರ್ನಿಯನ್ನು ಕರೆಸಿದರು. ಅವರ ಮೇಜಿನ ಮೇಲೆ ಸ್ಪರ್ಧೆಯ ನಿಯಮಗಳ ಕಾಗದ ಇತ್ತು. ಅವರು ಕೆಟ್ಟವರೇನಲ್ಲ. ಚಳಿಗಾಲದಲ್ಲಿ ಬಸ್ ಕೆಟ್ಟಾಗ ತಾವೇ ಮಕ್ಕಳನ್ನು ಮನೆಗೆ ಬಿಟ್ಟು ಬಂದವರು. ಆದರೆ ಅವರಿಗೆ ಕಾಗದ ಅಂದರೆ ಭಯ.

"ಶಾಲೆಯ ನೀರನ್ನ ಮನೆಗೆ ತಗೊಂಡು ಹೋಗ್ತಿದ್ದೀಯಂತೆ?"

"ಹೌದು ಸರ್. ಎಂಟು ಕ್ಯಾನು."

"ಅದು ಸರೀನಾ ಮಾರ್ನಿ?"

"ಬೇರೆಯವರು ಸಿಂಕಿಗೆ ಸುರೀತಾರೆ ಸರ್."

"ಅದು ಬೇರೆ ವಿಷಯ. ಸಿಂಕು ಶಾಲೆಯ ಒಳಗಿದೆ."

ಮಾರ್ನಿ ಇದನ್ನು ಯೋಚಿಸಿದಳು. ಸಿಂಕಿನ ಪೈಪು ಶಾಲೆಯ ಹೊರಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆದರೆ ಬಸ್ಸು ನೆನಪಾಯಿತು, ಸುಮ್ಮನಿದ್ದಳು.

ಆ ನೀರನ್ನು ಯಾರು ಕುಡಿದರು ಅಂತ ಗಾರ್ವಿ ಕೇಳಿದರು. ಕುರಿಮರಿಗಳು, ಅಂದಳು.

"ಕುರಿಮರಿಗಳು ಯಾವತ್ತಾದ್ರೂ ಅಂಗಡಿಯಿಂದ ನೀರಿನ ಬಾಟಲಿ ಕೊಂಡು ಕುಡಿದಿದ್ದಾವಾ?"

"ಇಲ್ಲ ಸರ್."

"ಅಂದ್ರೆ ಅಲ್ಲಿ ಒಂದು ಬಾಟಲಿಯೂ ಉಳೀಲಿಲ್ಲ ಅಂತಾಯ್ತಲ್ಲ."

ಸಿಂಕೂ ಕೊಂಡು ಕುಡಿದಿಲ್ಲ ಎನ್ನುವ ಮಾತು ಮಾರ್ನಿಯ ನಾಲಗೆಯ ತುದಿಗೆ ಬಂತು. ಅದನ್ನೂ ನುಂಗಿದಳು.

ಗಾರ್ವಿ ಲೆಕ್ಕ ಹಾಕಿದರು. ಎಂಟು ಕ್ಯಾನು ಅಂದರೆ ಮುನ್ನೂರ ನಾಲ್ಕು ಬಾಟಲಿ. ಕಳೆಯೋಣ ಅಂದರೆ ಯಂತ್ರಕ್ಕೆ ಏರುವುದು ಗೊತ್ತೇ ಹೊರತು ಇಳಿಯುವುದು ಗೊತ್ತಿಲ್ಲ. ನಿಯಮದ ಕಾಗದದಲ್ಲಿ ನೀರು 'ಶಾಲೆಯ ಆವರಣದಲ್ಲೇ ಬಳಕೆಯಾಗತಕ್ಕದ್ದು' ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಯೋಚಿಸಿ, ಒಂದು ದಾರಿ ಹೇಳಿದರು. ನಾಳೆ ಸ್ಪರ್ಧೆಯ ಕೊನೇ ದಿನ. ನಾಳೆಯೊಳಗೆ ಎಂಟು ಕ್ಯಾನ್ ನೀರನ್ನು ಶಾಲೆಗೆ ವಾಪಸು ತಂದುಕೊಟ್ಟರೆ ಬಾಕಿ ತೀರಿತು. ಶಾಲೆ ಗೆದ್ದರೆ ಹೋಗುವ ಬಸ್ಸಿನ ಪಟ್ಟಿಗೆ ಅವಳ ಹೆಸರು ಸೇರುತ್ತದೆ. ಇಲ್ಲವಾದರೆ ಕಷ್ಟ.

ಮನೆಯಲ್ಲಿ ಮಾರ್ನಿ ಇದನ್ನು ಹೇಳಿದಾಗ ಅಮ್ಮನಿಗೆ ಸಿಟ್ಟು ಬಂತು. ಅಜ್ಜನಿಗೆ ಬರಲಿಲ್ಲ. ಓರಿನ್ ಅಜ್ಜ ಪಕ್ಕದವರಿಂದ ಎರಡು ಮೊಳೆ ತಂದರೆ ಮೂರು ಹಿಂದಿರುಗಿಸುವ ಮನುಷ್ಯ.

"ಕೇಳಿ ತರಬೇಕಿತ್ತು. ತಪ್ಪು ನಂದೂ ಇದೆ," ಅಂದ. "ಎಂಟು ತಂದ್ವಿ. ಎಂಟು ಕೊಡೋಣ."

*

ಮಂಗಳವಾರ ಅಜ್ಜ ನೀರಿನ ಕಟ್ಟೆಯಲ್ಲಿ ಮೊದಲು ಎಂಟು ಕ್ಯಾನು ತುಂಬಿಸಿದ. ಪಿಕಪ್ ಎಷ್ಟು ಭಾರ ಹೊರಬಲ್ಲದು ಅಂತ ಅವನಿಗೆ ಗೊತ್ತು. ಕ್ಯಾನಿನ ಭಾರದಷ್ಟು ನೀರನ್ನು ಟ್ಯಾಂಕಿನಲ್ಲಿ ಕಡಿಮೆ ಮಾಡಿದ. ಮನೆಯ ನಲವತ್ತು ಗ್ಯಾಲನ್ ಅಲ್ಲಿಗೆ ಹೋಯಿತು.

ಶಾಲೆಯ ಹಿಂಬಾಗಿಲಲ್ಲಿ ಅರ್ಲೀನ್ ನಿಂತಿದ್ದಳು. ಗಾರ್ವಿಯವರೂ ಬಂದರು. ಅಜ್ಜ ಟೋಪಿ ತೆಗೆದು, ತನ್ನ ಮೊಮ್ಮಗಳು ಕೇಳದೆ ತಂದದ್ದು ತಪ್ಪಾಯಿತು, ಇಗೋ ನಿಮ್ಮ ನೀರು, ಅಳತೆ ಸರಿಯಿದೆ, ನೋಡಿಕೊಳ್ಳಿ ಅಂದ. ಮಾರ್ನಿಯೂ ಸಾರಿ ಅಂದಳು.

"ಎಲ್ಲಿ ಇಡಲಿ?" ಅಜ್ಜ ಕೇಳಿದ.

ಗಾರ್ವಿ ಅದನ್ನು ಯೋಚಿಸಿಯೇ ಇರಲಿಲ್ಲ. ಅತ್ತ ಇತ್ತ ನೋಡಿದರು. ನೆಲ ಒರೆಸಲು ತನಗೆ ದಿನಾ ಒಂದು ಕ್ಯಾನು ಬೇಕೇ ಬೇಕು, ಇಲ್ಲಿ ಬಿಡಿ ಅಂತ ಅರ್ಲೀನ್ ಹೇಳಿದಳು. ಗಾರ್ವಿ ಬೇಡವೆಂದು ತಲೆ ಆಡಿಸಿದರು. ಹೊರಗಿನ ನೀರನ್ನು ಶಾಲೆಯಲ್ಲಿ ಶೇಖರಿಸಿ ಇಡಬಾರದು ಎಂದು ಆರೋಗ್ಯ ಇಲಾಖೆಯ ಕಾಗದವಿದೆಯಂತೆ.

"ಸಿಂಕಿಗೆ ಹಾಕಿಬಿಡಿ," ಅಂದರು.

"ಸಿಂಕಿಗಾ?"

"ಆವರಣದಲ್ಲೇ ಬಳಕೆ ಆದಂಗಾಗತ್ತೆ. ನಿಮ್ಮ ಬಾಕೀನೂ ತೀರತ್ತೆ."

ಅಜ್ಜ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ತಮಾಷೆ ಮಾಡುತ್ತಿದ್ದಾರೇನೋ ಎನ್ನುವ ಹಾಗೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಅಜ್ಜ ಮೊದಲ ಕ್ಯಾನನ್ನು ಇಳಿಸಿ, ಪೊರಕೆ ಬಕೆಟ್ ಇಡುವ ಕೋಣೆಯ ಸಿಂಕಿನ ಹತ್ತಿರ ತಂದಿಟ್ಟ. ಸಾಲ ಮಾರ್ನಿಯದು, ಸುರಿಯಬೇಕಾದವಳೂ ಅವಳೇ.

ಅವಳು ಕ್ಯಾನನ್ನು ಸಿಂಕಿನ ಅಂಚಿಗೆ ಒರಗಿಸಿ ಬಗ್ಗಿಸಿದಳು. ನೀರು ಗುಳುಗುಳು ಎಂದು ಹೊರಬಿತ್ತು. ತೂತಿನ ಸುತ್ತ ಒಂದು ಸುತ್ತು ತಿರುಗಿ ಕೆಳಗಿಳಿಯಿತು. ಅಷ್ಟು ನೀರು ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಗೋಡೆಯಾಚೆ ಮೊಗಸಾಲೆಯಲ್ಲಿ ಕೊನೇ ದಿನದ ಗಲಾಟೆ ಜೋರಾಗಿತ್ತು. ಅಲ್ಲಿಯೂ ಸಿಂಕಿಗೆ ನೀರು ಬೀಳುತ್ತಿತ್ತು. ಮಕ್ಕಳು ಸಂಖ್ಯೆಯನ್ನು ಒಟ್ಟಾಗಿ ಕೂಗುತ್ತಿದ್ದರು. ಅವರ ನೀರು, ಅವಳ ನೀರು ಎರಡೂ ಗೋಡೆಯೊಳಗಿನ ಒಂದೇ ಪೈಪಿನಲ್ಲಿ ಇಳಿದು ಹೋಗುವ ಸದ್ದು ಕೇಳಿಸುತ್ತಿತ್ತು.

ಕ್ಯಾನು ಹಗುರಾಯಿತು. ಕೊನೆಯ ಹನಿ ಬಿತ್ತು.

ಅಜ್ಜ ಎರಡನೆಯದನ್ನು ತಂದಿಟ್ಟ. ಮಾರ್ನಿ ಮುಚ್ಚಳ ತಿರುಗಿಸಿ ತೆಗೆದಳು. ಒಳಗೆ ನೀರು ಸುಮ್ಮನೆ ನಿಂತಿತ್ತು, ಮೇಲಿನ ದೀಪ ಅದರಲ್ಲಿ ಸಣ್ಣಗೆ ಅಲ್ಲಾಡುತ್ತಿತ್ತು. ಅವಳು ಅದನ್ನು ನೋಡುತ್ತಾ ನಿಂತಳು. ಆಮೇಲೆ ಮುಚ್ಚಳವನ್ನು ಮತ್ತೆ ಹಾಕಿ ಬಿಗಿಯಾಗಿ ತಿರುಗಿಸಿದಳು.

"ಇನ್ನೂ ಏಳು ಇದೆಯಲ್ಲಮ್ಮ," ಅಂದರು ಗಾರ್ವಿ.

"ಗೊತ್ತು ಸರ್."

"ಸಂಖ್ಯೆ ಜೊತೆಗೆ ಬಸ್ಸಿನ ಪಟ್ಟೀನೂ ಇವತ್ತೇ ಕಳಿಸಬೇಕು."

ಮಾರ್ನಿ ಕೈ ಒರೆಸಿಕೊಂಡಳು. ಹಳದಿ ಜಾರುಬಂಡೆ ಕಣ್ಣ ಮುಂದೆ ಬಂತು.

"ನನ್ನ ಹೆಸರು ಬಿಟ್ಟುಬಿಡಿ ಸರ್," ಅಂದಳು.

ಮೂರನೇ ಕ್ಯಾನು ಹಿಡಿದು ಬರುತ್ತಿದ್ದ ಅಜ್ಜ ಬಾಗಿಲಲ್ಲೇ ನಿಂತ. ಮೊಮ್ಮಗಳನ್ನು ನೋಡಿದ, ಸಿಂಕನ್ನು ನೋಡಿದ. ಹಾಗೇ ತಿರುಗಿ ಕ್ಯಾನನ್ನು ಗಾಡಿಯ ಮೇಲಿಟ್ಟ. ಅರ್ಲೀನ್ ಎರಡನೆಯದರ ಒಂದು ಬದಿ ಹಿಡಿದಳು, ಮಾರ್ನಿ ಇನ್ನೊಂದು ಬದಿಗೆ ಕೈ ಕೊಟ್ಟಳು. ಇಬ್ಬರೂ ಅದನ್ನು ಹೊತ್ತುಕೊಂಡು ಗಾರ್ವಿಯವರ ಪಕ್ಕದಿಂದ ಹೊರಗೆ ಹೋದರು. ಗಾರ್ವಿ ದಾರಿ ಬಿಟ್ಟರು. ಇಂಥದ್ದಕ್ಕೆ ಏನು ಮಾಡಬೇಕು ಎಂದು ಯಾವ ಕಾಗದದಲ್ಲೂ ಇರಲಿಲ್ಲವೇನೋ.

ಅಜ್ಜ ಕ್ಯಾನುಗಳಿಗೆ ಹಗ್ಗ ಬಿಗಿದ. ಗಾಡಿ ಊರು ದಾಟಿತು.

"ನಾನು ಯಾರ ಬಾಕೀನೂ ಇಟ್ಕೊಂಡಿರ್ಲಿಲ್ಲ ಕಣೇ," ಅಂದ ಅಜ್ಜ. "ಇದೇ ಮೊದಲು."

"ಏಳು ಕ್ಯಾನು," ಅಂದಳು ಮಾರ್ನಿ.

"ಏಳು ಕ್ಯಾನು."

"ಅವ್ರಿಗೆ ಬೇಕಾದಾಗ ಕೇಳ್ತಾರೆ ಅಜ್ಜ. ಕೇಳಿದ ದಿನ ಕೊಡೋಣ."

ಅಜ್ಜ ಹೂಂ ಅಂದ. ಮುಂದೆ ರಸ್ತೆ ಕಿತ್ತುಹೋಗಿತ್ತು. ಅವನು ಗಾಡಿ ನಿಧಾನ ಮಾಡಿ, ಒಂದೊಂದೇ ಗಾಲಿಯನ್ನು ಗುಂಡಿಗೆ ಇಳಿಸಿ ಹತ್ತಿಸಿದ. ಹಿಂದೆ ಏಳು ಕ್ಯಾನುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮಾರ್ನಿ ತಿರುಗಿ ಕೂತು, ಎಲ್ಲಾದರೂ ತೊಟ್ಟಿಕ್ಕುತ್ತಿದೆಯಾ ಎಂದು ಮನೆಯ ತನಕ ನೋಡುತ್ತಲೇ ಇದ್ದಳು.